ಪ್ರೊಸ್ಟೇಟ್ ತೆಗೆದ ಮೇಲೆ ಮೂತ್ರ ಸೋರಿದರೆ

ಬೆಂಗಳೂರಿನ ಪೀಣ್ಯದ ಫ್ಯಾಕ್ಟರಿಗಳಲ್ಲಿ ದುಡಿದು ರಿಟೈರ್ ಆದವರು ಲಗ್ಗೆರೆಯಲ್ಲಿ ಬೀದಿಬೀದಿಗೂ ಇದ್ದಾರೆ. ಅವರಲ್ಲಿ ಯಾರಿಗಾದರೂ ಪ್ರೊಸ್ಟೇಟ್ ಕ್ಯಾನ್ಸರ್ ಆಪರೇಷನ್ ಆಗಿದ್ದರೆ ಕ್ಯಾನ್ಸರಿನ ವಿಷಯ ಹೇಳಿಕೊಂಡಾರು. ಕೆಮ್ಮಿದರೆ ಪಂಚೆ ಒದ್ದೆಯಾಗುತ್ತದೆ ಎಂಬುದನ್ನು ಮಾತ್ರ ಬಾಯಿ ಬಿಡುವುದಿಲ್ಲ. ಮಾರ್ಕೆಟ್ ಬಸ್ಸು ಬಿಡುತ್ತಾರೆ, ಮದುವೆ ಮನೆ ಬಿಡುತ್ತಾರೆ, ಕೊನೆಗೆ ನೀರು ಕುಡಿಯುವುದನ್ನೂ ಬಿಡುತ್ತಾರೆ. ವಯಸ್ಸಾಯಿತು ಎಂದು ಸುಮ್ಮನಾಗುವ ತೊಂದರೆ ಇದಲ್ಲ.

ಪ್ರೊಸ್ಟೇಟ್ ಗ್ರಂಥಿ ಇರುವುದು ಮೂತ್ರಕೋಶದ ಬುಡದಲ್ಲಿ, ಮೂತ್ರನಾಳವನ್ನು ಸುತ್ತುವರಿದು. ಮೂತ್ರ ಹಿಡಿದಿಡುವ ಸ್ನಾಯುಗಳು ಎರಡು ಕಡೆ ಇವೆ: ಒಂದು ಮೂತ್ರಕೋಶದ ಕತ್ತಿನಲ್ಲಿ, ಇನ್ನೊಂದು ಪ್ರೊಸ್ಟೇಟಿನ ಕೆಳಗೆ. ಕ್ಯಾನ್ಸರಿಗಾಗಿ ಇಡೀ ಗ್ರಂಥಿ ತೆಗೆದಾಗ ಮೇಲಿನ ಬಿಗಿ ಬಹುಪಾಲು ಹೋಗುತ್ತದೆ. ಮೂತ್ರಕೋಶವನ್ನು ಕೆಳಗೆಳೆದು ಉಳಿದ ನಾಳಕ್ಕೆ ಹೊಲಿಯುತ್ತಾರೆ. ಆಮೇಲೆ ಕೆಳಗಿನ ಸ್ನಾಯುವೇ ಎಲ್ಲ ನೋಡಿಕೊಳ್ಳಬೇಕು. (ಊದಿದ ಪ್ರೊಸ್ಟೇಟನ್ನು ಒಳಗಿನಿಂದ ಕೆರೆದು ತೆಗೆಯುವ ಆಪರೇಷನ್ ಬೇರೆ. ಅದರಲ್ಲಿ ಶಾಶ್ವತ ಸೋರಿಕೆ ಅಪರೂಪ.)

ಕೆಳಗಿನ ಸ್ನಾಯು ಉಳಿಸುವ ಕೆಲಸ ಕ್ಯಾನ್ಸರ್ ಆಪರೇಷನ್ನಿನಲ್ಲೇ ಶುರು. 1982ರಲ್ಲಿ ಅಮೆರಿಕದ ಸರ್ಜನ್ ಪ್ಯಾಟ್ರಿಕ್ ವಾಲ್ಶ್ ಪಕ್ಕದ ನರಗಳನ್ನು ಕಡಿಯದೆ ಗ್ರಂಥಿ ಬಿಡಿಸುವ ದಾರಿ ತೋರಿದರು. ಇಟಲಿಯ ರೊಕ್ಕೊ, ಜೋಡಿಸಿದ ಜಾಗದ ಹಿಂದೆ ಆಸರೆಯ ಹೊಲಿಗೆ ಹಾಕಿದರು. ಅದೇ ದೇಶದ ಬೊಕ್ಕಿಯಾರ್ಡಿ 2010ರಲ್ಲಿ, ಮುಂದಿನ ಆಧಾರಗಳನ್ನು ಮುಟ್ಟದೆ ಮೂತ್ರಕೋಶದ ಹಿಂದಿನಿಂದ ರೋಬೋಟ್ ಕೈ ತೂರಿಸುವ ವಿಧಾನ ಪ್ರಕಟಿಸಿದರು. ಈ ವಿಧಾನದಿಂದ ಮೊದಲ ತಿಂಗಳುಗಳಲ್ಲಿ ಸೋರಿಕೆ ಬೇಗ ನಿಲ್ಲುತ್ತದೆ. ವರ್ಷ ಕಳೆದರೆ ವ್ಯತ್ಯಾಸ ಅಷ್ಟಿರುವುದಿಲ್ಲ. ರೋಬೋಟ್ ಇದೆಯೇ ಎನ್ನುವುದಕ್ಕಿಂತ, ಇಂಥವು ಎಷ್ಟು ಮಾಡಿದ್ದೀರಿ ಎಂದು ಸರ್ಜನರನ್ನು ಕೇಳುವುದು ಲೇಸು.

ಆಪರೇಷನ್ನಿನಲ್ಲಿ ಹಾಕಿದ ಕ್ಯಾತಿಟರ್ (ಮೂತ್ರದ ನಳಿಕೆ) ತೆಗೆದ ಮೇಲೆ, ಮೂತ್ರ ತಡೆಹಿಡಿಯುವಂತೆ ಸ್ನಾಯು ಬಿಗಿಹಿಡಿದು ಬಿಡುವ ಕೆಗೆಲ್ ವ್ಯಾಯಾಮ ಮಾಡಬೇಕು. ಹೆಚ್ಚಿನವರು ಆರರಿಂದ ಹನ್ನೆರಡು ತಿಂಗಳಲ್ಲಿ ಸುಧಾರಿಸುತ್ತಾರೆ. ಅಷ್ಟಾದರೂ ನಿಲ್ಲದಿದ್ದರೆ ಇನ್ನೊಂದು ಆಪರೇಷನ್ ಮಾತು.

ಆಗ ಡಾಕ್ಟರಿಗೆ ಸೋರಿಕೆಯ ಅಳತೆ ಬೇಕು. ಒಣ ಪ್ಯಾಡನ್ನು ಮೊದಲು ತೂಕ ಹಾಕಿ. ಒಂದು ಹಗಲು ಒಂದು ರಾತ್ರಿ ಬಳಸಿದ್ದನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟು ತೂಗಿ, ಅಷ್ಟೂ ಪ್ಯಾಡುಗಳ ಒಣ ತೂಕ ಕಳೆಯಿರಿ. ಒಂದು ಗ್ರಾಂ ಎಂದರೆ ಹೆಚ್ಚುಕಡಿಮೆ ಒಂದು ಮಿಲಿ.

ಸೋರಿಕೆ ಕಡಿಮೆಯಿದ್ದರೆ ಸ್ಲಿಂಗ್: ನಾಳದ ಅಡಿಗೆ ಜಾಲರಿ ಪಟ್ಟಿ ಕೂರಿಸಿ ಮೇಲಕ್ಕೆ ಎಳೆದು ನಿಲ್ಲಿಸುತ್ತಾರೆ. ರೇಡಿಯೇಷನ್ ಆದವರಿಗೆ ಇದು ಅಷ್ಟಾಗಿ ಹಿಡಿಯುವುದಿಲ್ಲ.

ಜಾಸ್ತಿ ಸೋರುವವರಿಗೆ ಕೃತಕ ಸ್ಫಿಂಕ್ಟರ್: ಮೂತ್ರ ಹಿಡಿದಿಡುವ ಸ್ನಾಯುವಿನ ಬದಲಿಗೆ ಕೆಲಸ ಮಾಡುವ ಸಾಧನ. 1972ರಲ್ಲಿ ಸರ್ಜನ್ ಬ್ರಾಂಟ್ಲಿ ಸ್ಕಾಟ್ ತಂಡ ಮೊದಲು ಅಳವಡಿಸಿದ್ದು. ಈಗಿನ ಎಎಂಎಸ್ 800 ಮಾದರಿ 1983ರದು. ಬಿಪಿ ನೋಡುವಾಗ ತೋಳಿಗೆ ಸುತ್ತುವ ಪಟ್ಟಿಯಂಥ ಪುಟ್ಟ ಪಟ್ಟಿ ಮೂತ್ರನಾಳದ ಸುತ್ತ, ದ್ರವದ ಬಲೂನು ಹೊಟ್ಟೆಯೊಳಗೆ, ಪಂಪು ವೃಷಣ ಚೀಲದಲ್ಲಿ. ಪಂಪನ್ನು ಕೆಲವು ಸಲ ಅದುಮಿದರೆ ಪಟ್ಟಿಯ ದ್ರವ ಬಲೂನಿಗೆ ಹೋಗಿ ನಾಳ ತೆರೆಯುತ್ತದೆ. ಒಂದೆರಡು ನಿಮಿಷದಲ್ಲಿ ದ್ರವ ತಾನಾಗಿ ಮರಳಿ ನಾಳ ಮುಚ್ಚುತ್ತದೆ. ಗಾಯ ಮಾಯಲು ಬಿಟ್ಟು, ಸುಮಾರು ಆರು ವಾರದ ಮೇಲೆ ಚಾಲೂ ಮಾಡುತ್ತಾರೆ. ಪಂಪು ಅದುಮಲು ಬೆರಳಲ್ಲಿ ಕಸುವಿರಬೇಕು. ಸೋಂಕು, ನಾಳ ಸವೆತದ ಅಪಾಯ ಇದ್ದೇ ಇದೆ. ವರ್ಷಗಳ ಮೇಲೆ ಬದಲಾಯಿಸಬೇಕಾಗಿಯೂ ಬರಬಹುದು.

ಇದು ಹೊರದೇಶದ ಸಾಧನ, ಬೆಲೆ ಲಕ್ಷಗಳ ಲೆಕ್ಕದಲ್ಲಿ. ಕನಿಷ್ಠ ಐದು ವರ್ಷ ಇಎಸ್‌ಐ ವಿಮೆ ಇದ್ದು ರಿಟೈರ್ ಆದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ತಮಗೂ ಹೆಂಡತಿಗೂ ಚಿಕಿತ್ಸೆ ಮುಂದುವರಿಸಿಕೊಳ್ಳಬಹುದು. ಈ ಸಾಧನದ ಖರ್ಚು ಸಿಗುತ್ತದೆಯೇ ಎಂದು ರಾಜಾಜಿನಗರ ಇಎಸ್‌ಐ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ. ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ನೆಫ್ರೋ-ಯೂರಾಲಜಿ ಸಂಸ್ಥೆಯಲ್ಲೂ ಸಲಹೆ ಕೇಳಬಹುದು.

ಮನೆಯವರಿಗೊಂದು ಮಾತು: ಸ್ಫಿಂಕ್ಟರ್ ಇರುವವರನ್ನು ಯಾವ ಕಾರಣಕ್ಕೆ ಆಸ್ಪತ್ರೆಗೆ ಸೇರಿಸಿದರೂ ಮೊದಲು ಆ ವಿಷಯ ಹೇಳಿ. ಪಟ್ಟಿ ಸಡಿಲಿಸಿ ಸಾಧನವನ್ನು ಬಂದ್ ಮಾಡದೆ ಕ್ಯಾತಿಟರ್ ತೂರಿಸಿದರೆ ನಾಳ ಹರಿಯಬಹುದು.