ಮೀನು ಬಿಟ್ಟೆ, ಸುಳ್ಳು ಬಿಡಲಿಲ್ಲ

2025ರ ಮಾರ್ಚ್ 5, ಬೂದಿ ಬುಧವಾರ. ರಂಜಾನ್ ಉಪವಾಸವೂ ಅದೇ ವಾರ ಶುರುವಾಗಿತ್ತು. ನಮ್ಮ ಬೆಂಚಿನಲ್ಲಿ ಒಬ್ಬಳು ಸಂಜೆಯವರೆಗೆ ನೀರನ್ನೂ ಮುಟ್ಟುತ್ತಿರಲಿಲ್ಲ. ಕೆಥೊಲಿಕ್ ಗೆಳತಿಯ ಹಣೆಯಲ್ಲಿ ಬೂದಿಯ ಶಿಲುಬೆ. ನನ್ನ ಹಣೆ ಖಾಲಿ. ‘ನಿಮ್ಮ ಚರ್ಚಿನಲ್ಲಿ ರೂಲ್ಸ್ ಏನೂ ಇಲ್ವಾ ಮಾರಾಯ್ತಿ?’ ಎಂದು ಅವಳು ಕೇಳಿದಾಗ ಉತ್ತರ ಹೊಳೆಯಲಿಲ್ಲ. ‘ನಾನು ಈಸ್ಟರ್‌ವರೆಗೆ ಮೀನು ತಿನ್ನುವುದಿಲ್ಲ’ ಎಂದುಬಿಟ್ಟೆ. ಮಂಗಳೂರಿನವರಿಗೆ ಇದು ಸಣ್ಣ ಮಾತಲ್ಲ!

ಪಡೀಲ್‌ನ ಮನೆಗೆ ಬಂದು ಅಜ್ಜಿಗೆ ಹೇಳಿದೆ. ಅಜ್ಜಿ ನಕ್ಕರು. ‘ನೀನು ಮೀನು ಬಿಟ್ಟರೆ ಮೀನಿಗೆ ಲಾಭ. ನಿನಗೇನು?’

ನಮ್ಮದು ಬಾಸೆಲ್ ಮಿಷನ್‌ನಿಂದ ಬೆಳೆದ ಸಭೆ, ಈಗ ಸಿಎಸ್‌ಐಗೆ ಸೇರಿದೆ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಿಷನರಿಗಳು ಮಂಗಳೂರಿಗೆ ಬಂದಿಳಿದರು. ಆ ಮಿಷನ್‌ನಲ್ಲಿ ಲೂಥರನ್ನರೂ ರಿಫಾರ್ಮ್ಡ್ ಪಂಥದವರೂ ಒಟ್ಟಿಗೆ ಇದ್ದರು. ಲೆಂಟ್ ವಿಷಯದಲ್ಲಿ ಇಬ್ಬರ ದಾರಿಯೂ ಸ್ವಲ್ಪ ಬೇರೆ. 1522ರಲ್ಲಿ ಜೂರಿಕ್‌ನ ಒಂದು ಮುದ್ರಣಾಲಯದ ಮನೆಯಲ್ಲಿ ಕೆಲವರು ಲೆಂಟ್ ದಿನಗಳಲ್ಲೇ ಮಾಂಸದ ಸಾಸೇಜ್ ತಿಂದರು. ಅದು ದೊಡ್ಡ ಗಲಾಟೆಯಾಯಿತು. ಉಪವಾಸಕ್ಕೆ ಒತ್ತಾಯ ಸಲ್ಲದು ಎಂದು ಜ್ವಿಂಗ್ಲಿ ಅವರ ಪರ ನಿಂತ. ಲೂಥರ್ ಉಪವಾಸವನ್ನು ತಳ್ಳಿಹಾಕಲಿಲ್ಲ. ಅದು ಒಳ್ಳೆಯ ಶಿಸ್ತು, ಆದರೆ ಅದರಿಂದ ದೇವರ ಮುಂದೆ ಪುಣ್ಯ ಗಳಿಸಲಾಗದು ಎಂಬುದು ಅವನ ನಿಲುವು. 1517ರ ಅವನ 95 ವಾದಗಳಲ್ಲಿ ಮೊದಲನೆಯದೇ ಪಶ್ಚಾತ್ತಾಪದ ಬಗ್ಗೆ. ಅದು ಒಂದು ದಿನದ ಕೆಲಸವಲ್ಲ, ಬದುಕಿಡೀ ನಡೆಯಬೇಕಾದದ್ದು ಎಂಬುದು ಅದರ ತಾತ್ಪರ್ಯ.

ಹಾಗಾಗಿ ನಮ್ಮ ಸಭೆಯಲ್ಲಿ ಏನು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ವೇದಿಕೆಗೆ ನೇರಳೆ ಬಟ್ಟೆ ಹೊದಿಸುತ್ತಾರೆ. ವಾರಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ, ಕ್ರಿಸ್ತನ ಶ್ರಮೆಯ ಹಾಡುಗಳು, ಕೊನೆಗೆ ಒಂದು ಲೋಟ ಚಹಾ. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ 46 ದಿನ. ಭಾನುವಾರ ಪುನರುತ್ಥಾನದ ದಿನವಾದ್ದರಿಂದ ಆರು ಭಾನುವಾರಗಳನ್ನು ಕಳೆದು 40 ಎನ್ನುತ್ತಾರೆ. ಮೀನಿಗೆ ಖರ್ಚಾಗುವ ಹಣವನ್ನು ಅಮ್ಮ ಡಬ್ಬಿಗೆ ಹಾಕುತ್ತಿದ್ದರು. ಅದು ಕಾಣಿಕೆಗೆ.

ನಿಯಮ ಇಲ್ಲದಿರುವುದು ಸುಲಭ ಎಂದುಕೊಂಡಿದ್ದೆ. ಆದರೆ ನಿಯಮ ಇದ್ದರೆ ಪಾಲಿಸಿ ಮುಗಿಸಬಹುದು. ಇಲ್ಲದಿದ್ದರೆ ನಿಜವಾಗಿ ಬಿಡಬೇಕಾದದ್ದು ಯಾವುದೆಂದು ನಾವೇ ಹುಡುಕಬೇಕು. ನನಗೆ ಅದು ಗೊತ್ತಿತ್ತು. ಮೂರನೇ ಸೆಮಿಸ್ಟರ್‌ನ ಗಣಿತದಲ್ಲಿ ನಾನು ಫೇಲ್. ಮನೆಯಲ್ಲಿ ‘ಆಲ್ ಕ್ಲಿಯರ್’ ಎಂದಿದ್ದೆ. ಪಪ್ಪ ಜಂಕ್ಷನ್ ರೈಲ್ವೆ ಸ್ಟೇಷನ್ ಹತ್ತಿರ ರಿಕ್ಷಾ ಓಡಿಸುತ್ತಾರೆ. ನನ್ನ ಲ್ಯಾಪ್‌ಟಾಪಿನ ಕಂತು ಇನ್ನೂ ತೀರಿರಲಿಲ್ಲ. ಪ್ರತಿ ಮನೆಪ್ರಾರ್ಥನೆಯಲ್ಲೂ ಪಪ್ಪ ನನ್ನ ಓದಿಗಾಗಿ ದೇವರಿಗೆ ಕೃತಜ್ಞತೆ ಹೇಳುವಾಗ ನಾನು ತಲೆ ತಗ್ಗಿಸಿಯೇ ಇರುತ್ತಿದ್ದೆ. ನೋಡಿದವರು ಭಕ್ತಿ ಎಂದುಕೊಂಡಿರಬೇಕು.

ಏಪ್ರಿಲ್ 18, ಶುಭ ಶುಕ್ರವಾರ. ಮಧ್ಯಾಹ್ನ 12ರಿಂದ 3ರವರೆಗೆ ಆರಾಧನೆ, ಶಿಲುಬೆಯ ಮೇಲಿನ ಏಳು ಮಾತುಗಳ ಧ್ಯಾನ. ಮನೆಗೆ ಬಂದು ಗಂಜಿ, ಚಟ್ನಿ. ಎಲ್ಲರೂ ಸುಮ್ಮನೆ ಊಟ ಮಾಡುತ್ತಿದ್ದಾಗ ಹೇಳಿಬಿಟ್ಟೆ. ‘ಪಪ್ಪ, ನಾನು ಗಣಿತದಲ್ಲಿ ಪಾಸಾಗಿಲ್ಲ. ಅವತ್ತು ಸುಳ್ಳು ಹೇಳಿದ್ದೆ.’

ಪಪ್ಪ ಬೈಯಲಿಲ್ಲ. ಅರ್ಧ ಗಂಜಿ ಬಿಟ್ಟು ಎದ್ದು ಹೋದರು. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು. ರಾತ್ರಿ ಬಂದು, ‘ಫೇಲಾದದ್ದಕ್ಕೆ ಬೇಸರ ಇಲ್ಲ. ಎರಡು ತಿಂಗಳು ನನ್ನ ಎದುರಲ್ಲೇ ಕೂತು ಸುಮ್ಮನಿದ್ದೆಯಲ್ಲ’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಪರೀಕ್ಷೆ ಫೀಸು ಎಷ್ಟು?’ ಎಂದು ಕೇಳಿದರು.

ಈಸ್ಟರ್ ದಿನ ಬಂಗುಡೆ ಪುಳಿಮುಂಚಿ ಇತ್ತು. ಅಜ್ಜಿ ದೊಡ್ಡ ತುಂಡನ್ನು ನನ್ನ ತಟ್ಟೆಗೆ ಹಾಕಿದರು.

ಗಣಿತ ಇನ್ನೂ ಪಾಸಾಗಬೇಕಿದೆ. ಆದರೆ ಈಗ ಆ ಪುಸ್ತಕವನ್ನು ಬೇರೆ ಪುಸ್ತಕದೊಳಗೆ ಅಡಗಿಸಿಟ್ಟು ಓದಬೇಕಾಗಿಲ್ಲ. ರಾತ್ರಿ ರಿಕ್ಷಾ ನಿಲ್ಲಿಸಿ ಬರುವ ಪಪ್ಪ, ‘ಎಷ್ಟನೇ ಮಾಡ್ಯೂಲ್?’ ಎಂದು ಕೇಳುತ್ತಾರೆ. ನಿಜವಾದ ನಂಬರನ್ನೇ ಹೇಳುತ್ತೇನೆ.