ಮಾತಾ ಓರ್ತೀಸಿನ ಚಿತ್ರಿತ ಭಾಂಡಗಳು

ಪೂರ್ವಕೃತಿಯನ್ನು ಕಂಡು ಹೊಸ ಕೃತಿಯನ್ನು ರಚಿಸಿದವನು ಪಡೆದುದೆಷ್ಟು, ತಾನಾಗಿ ಕೊಟ್ಟುದೆಷ್ಟು ಎಂಬ ವಿಚಾರವು ನಮ್ಮ ಆಲಂಕಾರಿಕರಿಗೆ ಬಹುಕಾಲದಿಂದ ಪರಿಚಿತವಾದುದು. ಆನಂದವರ್ಧನನು ಧ್ವನ್ಯಾಲೋಕದ ಕಡೆಯ ಉದ್ದ್ಯೋತದಲ್ಲಿ ಇಂಥ ಸಾದೃಶ್ಯವನ್ನು ಮೂರು ಬಗೆಯಾಗಿ ಹೇಳುತ್ತಾನೆ: ಕನ್ನಡಿಯ ಪ್ರತಿಬಿಂಬದಂತಹುದು, ಚಿತ್ರದಲ್ಲಿ ಬರೆದ ರೂಪದಂತಹುದು, ಒಬ್ಬನನ್ನು ಹೋಲುವ ಮತ್ತೊಬ್ಬ ದೇಹಧಾರಿಯಂತಹುದು. ಮೊದಲನೆಯದಕ್ಕೆ ಸ್ವಂತ ಆತ್ಮವೇ ಇಲ್ಲ. ಎರಡನೆಯದಕ್ಕೆ ಇರುವುದು ತುಚ್ಛವಾದುದು. ಮೂರನೆಯದಕ್ಕೆ ತನ್ನದೇ ಆದ ಪ್ರಸಿದ್ಧವಾದ ಆತ್ಮವಿರುವುದರಿಂದ ಕವಿಯು ಅದನ್ನು ಬಿಡಬೇಕಾದುದಿಲ್ಲ. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಇದನ್ನೇ ವಿಸ್ತರಿಸಿ ಪರಪುರಪ್ರವೇಶವೆಂಬ ನಾಲ್ಕನೆಯದನ್ನು ಸೇರಿಸಿದನು. ಕಾವ್ಯಕ್ಕಾಗಿ ಹುಟ್ಟಿದ ಈ ವಿಭಾಗವು ಮಣ್ಣಿನ ಪಾತ್ರೆಗಳಿಗೂ ಸಲ್ಲುವುದೇ ಎಂಬುದನ್ನು ಮೆಕ್ಸಿಕೊ ದೇಶದ ಒಂದು ಹಳ್ಳಿಯ ನಿದರ್ಶನದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೆಕ್ಸಿಕೊದ ಉತ್ತರಕ್ಕೆ ಚಿವಾವಾ ಪ್ರಾಂತದಲ್ಲಿ ಪಾಕಿಮೆ ಎಂಬ ಪ್ರಾಚೀನ ನಗರದ ಅವಶೇಷಗಳಿವೆ. ಕ್ರಿ. ಶ. 1200ರಿಂದ 1450ರವರೆಗೆ, ಸುಮಾರಾಗಿ, ಆ ನಗರವು ಉಚ್ಛ್ರಾಯದಲ್ಲಿತ್ತು. ಹಲವು ಅಂತಸ್ತುಗಳ ಮಣ್ಣಿನ ಮನೆಗಳು, ನೀರಿನ ಕಾಲುವೆಗಳು, ಚೆಂಡಾಟದ ಅಂಗಳಗಳು, ಮಕಾ ಗಿಳಿಗಳನ್ನು ಸಾಕುತ್ತಿದ್ದ ಗೂಡುಗಳು ಇವೆಲ್ಲವೂ 1958ರಿಂದ 1961ರವರೆಗೆ ಚಾರ್ಲ್ಸ್ ಡಿ ಪೇಸೊ ಎಂಬ ವಿದ್ವಾಂಸನು ನಡೆಸಿದ ಉತ್ಖನನದಲ್ಲಿ ವಿಶದವಾದುವು. ಸ್ಪೇನಿನವರು 16ನೆಯ ಶತಮಾನದಲ್ಲಿ ಅಲ್ಲಿಗೆ ಬರುವ ವೇಳೆಗೆ ನಗರವು ಪಾಳಾಗಿದ್ದಿತು. 1998ರಲ್ಲಿ ಅದು ಯುನೆಸ್ಕೊ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಯ ಭಾಂಡಗಳಲ್ಲಿ ಶ್ರೇಷ್ಠವೆನಿಸಿದ ಜಾತಿಯಲ್ಲಿ ಬಿಳುಪಾದ ಮೈಮೇಲೆ ಕಪ್ಪು ಮತ್ತು ಕೆಂಪು ಬಣ್ಣಗಳಿಂದ ಗಿಳಿ, ಗರಿಯುಳ್ಳ ಸರ್ಪ, ಮೆಟ್ಟಿಲುರೇಖೆ ಮುಂತಾದುವನ್ನು ಬರೆದಿರುತ್ತಾರೆ. ನಗರದೊಡನೆ ಅದನ್ನು ಮಾಡುವ ವಿದ್ಯೆಯೂ ಅಳಿಯಿತು. ಉಳಿದುದು ಹೊಲಗಳಲ್ಲಿಯೂ ಬೆಟ್ಟದ ತಪ್ಪಲುಗಳಲ್ಲಿಯೂ ಚೆದರಿದ ಬೋಕಿಗಳು ಮಾತ್ರ.

ಪಾಕಿಮೆಗೆ ಐದಾರು ಹರಿದಾರಿಯ ದೂರದಲ್ಲಿ ಮಾತಾ ಓರ್ತೀಸ್ ಎಂಬ ಹಳ್ಳಿಯಿದೆ. ರೈಲ್ವೆಯ ಕೆಲಸದಿಂದ ಬೆಳೆದು, ಆ ಕೆಲಸವು ಬೇರೆಡೆಗೆ ಹೋದ ಮೇಲೆ ಬಡವಾದ ಊರು. 1940ರಲ್ಲಿ ಜನಿಸಿದ ಹುವಾನ್ ಕೆಸಾದ ಎಂಬವನು ಅಲ್ಲಿ ಬೆಳೆದನು. ಬೆಟ್ಟದಿಂದ ಸೌದೆ ತರಲು ಹೋಗುತ್ತಿದ್ದ ಹುಡುಗನಿಗೆ ದಾರಿಯಲ್ಲಿ ಚಿತ್ರಿತವಾದ ಬೋಕಿಗಳು ದೊರೆಯುತ್ತಿದ್ದುವು. ಇವನ್ನು ಮಾಡಿದವರು ಬಳಸಿದ ಮಣ್ಣೂ ಬಣ್ಣವೂ ಇಲ್ಲಿಯೇ ಎಲ್ಲಿಯೋ ಇರಲೇಬೇಕೆಂದು ಅವನು ಊಹಿಸಿದನು. ಹೇಳಿಕೊಡುವವರು ಯಾರೂ ಇರಲಿಲ್ಲ. ಅವನ ಮೊದಲ ಪಾತ್ರೆಗಳು ಒಣಗುವಾಗಲೇ ಬಿರಿದುವು. ಒಡೆದ ಬೋಕಿಯ ಅಂಚನ್ನು ನಿಟ್ಟಿಸಿ ನೋಡಿದಾಗ ಮಣ್ಣಿನೊಳಗೆ ಮರಳಿನಂಥ ಕಣಗಳು ಕಂಡುವು. ಪೂರ್ವಿಕರು ಜೇಡಿಗೆ ಹದಕ್ಕಾಗಿ ಬೇರೆ ವಸ್ತುವನ್ನು ಬೆರಸುತ್ತಿದ್ದರೆಂಬುದು ಅದರಿಂದ ತಿಳಿಯಿತು. ಹೀಗೆ ಅವನಿಗೆ ಬೋಕಿಯೇ ಗುರುವಾಯಿತು. ಹಸ್ತಪ್ರತಿಯ ಒಡಕು ಗರಿಗಳಿಂದ ಲುಪ್ತಪಾಠವನ್ನು ಕಟ್ಟಿದವರಿಗೆ ಈ ಶ್ರಮದ ಸ್ವರೂಪವನ್ನು ಬೇರೆ ವಿವರಿಸಬೇಕಾಗಿಲ್ಲ.

ಅವನು ರೂಢಿಗೆ ತಂದ ವಿಧಾನವು ಗಮನಿಸತಕ್ಕದ್ದಾಗಿದೆ. ತಿಗುರಿಯನ್ನು ಅಲ್ಲಿ ಬಳಸುವುದಿಲ್ಲ. ಮಣ್ಣನ್ನು ರೊಟ್ಟಿಯಂತೆ ತಟ್ಟಿ ಬಟ್ಟಲಿನಾಕಾರದ ಅಚ್ಚಿನಲ್ಲಿ ಒತ್ತುತ್ತಾರೆ. ಅದರ ಅಂಚಿನ ಮೇಲೆ ಒಂದೇ ಒಂದು ದಪ್ಪನೆಯ ಮಣ್ಣಿನ ಸುರುಳಿಯನ್ನು ಬಳೆಯಂತೆ ಕೂಡಿಸಿ, ಬೆರಳುಗಳಿಂದ ಹಿಸುಕುತ್ತ ಮೇಲಕ್ಕೆಳೆದು ಗೋಡೆಯನ್ನು ಎಬ್ಬಿಸುತ್ತಾರೆ. ಕಬ್ಬಿಣ ಕೊಯ್ಯುವ ಗರಗಸದ ಅಲಗಿನ ತುಂಡಿನಿಂದ ಹೆರೆದು ಗೋಡೆಯನ್ನು ತೆಳುವಾಗಿಸುವುದು ಮುಂದಿನ ಕೆಲಸ. ಒಣಗಿದ ಮೇಲೆ ಉಜ್ಜಿ, ಎಣ್ಣೆ ಸವರಿ, ನುಣುಪಾದ ಕಲ್ಲಿನಿಂದ ತೀಡಿ ಹೊಳಪು ಬರಿಸುತ್ತಾರೆ. ಈ ಭಾಂಡಗಳಿಗೆ ಗಾಜಿನ ಲೇಪವಿಲ್ಲ. ಕಾಣುವ ಕಾಂತಿಯೆಲ್ಲ ಆ ಕಲ್ಲಿನ ತಿಕ್ಕಾಟದಿಂದ ಬಂದುದು. ಕಪ್ಪಿಗೆ ಮ್ಯಾಂಗನೀಸ್ ಅದುರು, ಕೆಂಪಿಗೆ ಕಬ್ಬಿಣದ ಅದುರು. ಕುಂಚವನ್ನು ಮನುಷ್ಯರ ಕೂದಲಿನಿಂದ, ಅದರಲ್ಲಿಯೂ ಮಕ್ಕಳ ನಯವಾದ ಕೂದಲಿನಿಂದ, ಕೆಲವೇ ಎಳೆಗಳನ್ನು ಉದ್ದವಾಗಿ ಕಟ್ಟಿ ಮಾಡಿಕೊಳ್ಳುತ್ತಾರೆ. ಅಂಥ ಕುಂಚವನ್ನು ತುದಿಯಿಂದ ಚುಚ್ಚಿ ಬರೆಯಲಾಗದು. ಅದರ ಉದ್ದವನ್ನೆಲ್ಲ ಮೈಮೇಲೆ ಮಲಗಿಸಿ ಎಳೆಯಬೇಕು. ಗೆರೆಗಳು ಸಮಾನವಾಗಿಯೂ ಸೂಕ್ಷ್ಮವಾಗಿಯೂ ಬರುವುದಕ್ಕೆ ಇದೇ ಕಾರಣ.

ಸುಡುವುದಕ್ಕೆ ಬೇಕಾದ ಇಂಧನವು ನಮ್ಮ ದೇಶದವರಿಗೆ ಅಪರಿಚಿತವಲ್ಲ: ದನದ ಒಣಗಿದ ಸಗಣಿ. ಪಾತ್ರೆಯನ್ನು ನೆಲದಿಂದ ಸ್ವಲ್ಪ ಎತ್ತರದಲ್ಲಿರಿಸಿ, ಅದರ ಮೇಲೆ ದೊಡ್ಡದೊಂದು ಭಾಂಡವನ್ನು ಬೋರಲು ಹಾಕಿ, ಸುತ್ತಲೂ ಸಗಣಿಯನ್ನು ಒಟ್ಟಿ ಬೆಂಕಿಯಿಡುತ್ತಾರೆ. ಗಾಳಿ ಒಳಗೆ ಸುಳಿಯದಂತೆ ಬುಡಕ್ಕೆ ಮಣ್ಣು ಮುಚ್ಚಿದರೆ ಪಾತ್ರೆಯು ಹೊಗೆಯನ್ನು ಹೀರಿ ಪೂರ್ತಿ ಕಪ್ಪಾಗುವುದು. ಹಲವು ದಿನ ಕುಳಿತು ಬರೆದ ಚಿತ್ರವು ಈ ಅಲ್ಪಕಾಲದ ಬೆಂಕಿಯಲ್ಲಿ ಉಳಿಯಬಹುದು, ಒಂದು ಸಣ್ಣ ಸದ್ದಿನೊಡನೆ ಬಿರಿದು ಹಾಳಾಗಲೂಬಹುದು.

1976ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ಸಂಸ್ಥಾನದ ಡೆಮಿಂಗ್ ಎಂಬ ಊರಿನ ಹಳೆಯ ಸಾಮಾನಿನ ಅಂಗಡಿಯಲ್ಲಿ ಸ್ಪೆನ್ಸರ್ ಮ್ಯಾಕಲಮ್ ಎಂಬ ಮಾನವಶಾಸ್ತ್ರಾಭ್ಯಾಸಿಯು ಹೆಸರಿಲ್ಲದ ಮೂರು ಪಾತ್ರೆಗಳನ್ನು ಕಂಡು ಕೊಂಡನು. ಮಾಡಿದವರಾರೆಂದು ಗಡಿಯಾಚೆಗೆ ಹುಡುಕುತ್ತ ಹೋಗಿ ಕೆಸಾದನನ್ನು ಕಂಡುಹಿಡಿದನು. ಅನಂತರ ಕೆಲವು ವರ್ಷಗಳ ಕಾಲ ತಿಂಗಳು ತಿಂಗಳೂ ಹಣವಿತ್ತು, ಮಾರಾಟದ ಚಿಂತೆಯಿಲ್ಲದೆ ಪ್ರಯೋಗ ನಡೆಸಲು ಅವನಿಗೆ ಅವಕಾಶ ಕಲ್ಪಿಸಿದನು. ಈ ಭೇಟಿಗೆ ಮುನ್ನ ಪರಿಸ್ಥಿತಿ ಬೇರೆ ಇದ್ದಿತು. ಮಧ್ಯವರ್ತಿಗಳು ಕೆಸಾದನ ಪಾತ್ರೆಗಳನ್ನು ಹಳತಾಗಿ ಕಾಣುವಂತೆ ಮಾಡಿ ಪ್ರಾಚೀನ ವಸ್ತುಗಳೆಂದು ಮಾರಿದ್ದುಂಟು. ಪ್ರತಿಬಿಂಬಕಲ್ಪವೆಂದು ಆಲಂಕಾರಿಕರು ಹೀನವೆಣಿಸಿದ್ದು ಪೇಟೆಯಲ್ಲಿ ಹೆಚ್ಚು ಬೆಲೆ ತರುತ್ತಿತ್ತೆಂಬುದು ವಿಷಾದಕರ. ಪಾತ್ರೆಯ ತಳದಲ್ಲಿ ಹೆಸರು ಬರೆಯುವ ಪದ್ಧತಿ ನೆಲೆಗೊಂಡ ಮೇಲೆ ಆ ಮೋಸಕ್ಕೆ ಎಡೆ ತಪ್ಪಿತು. ಕವಿಯ ಅಂಕಿತಕ್ಕೆ ನಾವು ಕೊಡುವ ಮಹತ್ವವನ್ನು ಇಲ್ಲಿ ನೆನೆಯಬಹುದು.

ಇನ್ನು ಪ್ರಕೃತ ಪ್ರಶ್ನೆಗೆ ಬರೋಣ. ಇದು ಪುನರುಜ್ಜೀವನವೆಂದು ಕೆಲವರು ಹೇಳುವರು. ಐದು ಶತಮಾನಗಳ ಕಾಲ ಕಡಿದುಹೋದುದು ಪರಂಪರೆಯೇ ಅಲ್ಲ, ಇದು ಬರಿಯ ವ್ಯಾಪಾರವೆಂದು ಕೆಲವರು. 1979ರಲ್ಲಿ ಕ್ಯಾಲಿಫೋರ್ನಿಯದ ಫುಲರ್ಟನ್ನಿನಲ್ಲಿ ನಡೆದ ಪ್ರದರ್ಶನಕ್ಕೆ ಕೆಸಾದನ ಹೆಸರಿನೊಡನೆ 'ಹೊಸ ಪರಂಪರೆ' ಎಂಬ ಮಾತನ್ನು ಸೇರಿಸಿದ್ದರು. ಮೇಲ್ನೋಟಕ್ಕೆ ವಿರೋಧಾಭಾಸವೆಂದು ತೋರುವ ಆ ಹೆಸರು ನಮಗೆ ಯುಕ್ತವಾಗಿಯೇ ತೋರುತ್ತದೆ. ಪ್ರಾಚೀನ ಪಾತ್ರೆಯಲ್ಲಿ ಚಿತ್ರವು ಸಾಮಾನ್ಯವಾಗಿ ಅಡ್ಡಗೆರೆಗಳ ಕಟ್ಟಿನೊಳಗೆ ನಿಂತಿರುತ್ತದೆ. ಕೆಸಾದನ ಪ್ರೌಢಕೃತಿಗಳಲ್ಲಿ ಆ ಕಟ್ಟು ಸಡಿಲಿ, ರೇಖೆಯು ಬಾಯಂಚಿನಿಂದ ಓರೆಯಾಗಿಳಿದು ಪಾತ್ರೆಯನ್ನು ಬಳಸಿ ಹರಿಯುತ್ತದೆ. ಗಿಳಿಯ ಕೊಕ್ಕು ಎಲ್ಲಿ ಮುಗಿಯಿತು, ಮೆಟ್ಟಿಲುರೇಖೆ ಎಲ್ಲಿ ಮೊದಲಾಯಿತು ಎಂದು ಹೇಳುವುದು ಕಷ್ಟ. ಅಂಗಗಳು ಹಳೆಯವು, ನಡೆ ಬೇರೆ. ಇದು ತುಲ್ಯದೇಹಿತುಲ್ಯವೆಂಬ ವರ್ಗಕ್ಕೆ ಸೇರುವುದೆಂದು ನಮ್ಮ ಅಭಿಪ್ರಾಯ. ಪಾಕಿಮೆಯವರಿಗೆ ಆ ಸರ್ಪ ಗಿಳಿಗಳಲ್ಲಿ ಇದ್ದಿರಬಹುದಾದ ಧಾರ್ಮಿಕಾರ್ಥವು ಈಗಿನವರಿಗೆ ಇಲ್ಲವೆಂಬ ಆಕ್ಷೇಪವುಂಟು. ಅದು ನಿಜ, ಆದರೆ ಅರ್ಥ ಹೋದ ಮೇಲೂ ಛಂದಸ್ಸು ಉಳಿದು ಹೊಸ ಅರ್ಥಕ್ಕೆ ಆಶ್ರಯವಾಗುವುದನ್ನು ಸಾಹಿತ್ಯದಲ್ಲಿ ಕಂಡವರು ಇದನ್ನು ದೋಷವೆಂದು ಎಣಿಸಲಾರರು.

ಕೆಸಾದನು ವಿದ್ಯೆಯನ್ನು ಮುಚ್ಚಿಡದೆ ಒಡಹುಟ್ಟಿದವರಿಗೂ ನೆರೆಯವರಿಗೂ ಕಲಿಸಿದನು. ಅವನ ತಂಗಿ ಲಿಡಿಯಾ ಕಪ್ಪಿನ ಮೇಲೆ ಕಪ್ಪು ಬರೆಯುವ ಭಾಂಡಗಳಿಂದ ಪ್ರಸಿದ್ಧಳಾದಳು. ಊರಿನ ನೂರಾರು ಮಂದಿಗೆ ಇದು ಜೀವನೋಪಾಯವಾಯಿತು. ಮೆಕ್ಸಿಕೊ ಸರಕಾರವು 1999ರಲ್ಲಿ ಕೆಸಾದನಿಗೆ ರಾಷ್ಟ್ರೀಯ ಪ್ರಶಸ್ತಿಯನ್ನಿತ್ತಿತು. 2008ರಿಂದೀಚೆಗೆ ಆ ಪ್ರಾಂತದಲ್ಲಿ ಹೆಚ್ಚಿದ ಹಿಂಸೆಯ ಭಯದಿಂದ ಗಡಿಯಾಚೆಯ ಕೊಳ್ಳುವವರ ಬರವು ಕುಗ್ಗಿ ಕುಂಬಾರರು ಕಷ್ಟಪಟ್ಟರು. ಮ್ಯಾಕಲಮ್ 2020ರಲ್ಲಿಯೂ ಕೆಸಾದ 2022ರಲ್ಲಿಯೂ ತೀರಿಕೊಂಡರು. ಈಚಿನ ತಲೆಮಾರಿನವರಲ್ಲಿ ಹಲವರು ಪಾಕಿಮೆಯ ಚಿಹ್ನೆಗಳನ್ನು ದಾಟಿ, ಪಾತ್ರೆಯ ಮೈಯನ್ನು ಕೆತ್ತಿ ಮೀನು, ಹಲ್ಲಿ, ಹೂಗಳನ್ನು ಬಿಡಿಸುತ್ತಿದ್ದಾರೆ. ಅವರಲ್ಲಿ ಬಹುಮಂದಿಗೆ ಆದರ್ಶವಾಗಿರುವುದು ಹೊಲದಲ್ಲಿ ಸಿಕ್ಕುವ ಬೋಕಿಯಲ್ಲ, ಕೆಸಾದನ ಪಾತ್ರೆ.