ಸ್ಪೀಕರಿನ ತಂತಿಯೂ ನಮ್ಮ ಅಜಾಗರೂಕತೆಯೂ

ದೋಣಿಗಲ್ಲಿನಂತಹ ಘಟ್ಟದ ಊರುಗಳಲ್ಲಿ ಮಳೆಗಾಲವೆಂದರೆ ವಿದ್ಯುತ್ತು ಹೋಗುವುದೂ ಬರುವುದೂ ನಿತ್ಯದ ಮಾತು. ಕಳೆದ ಆಷಾಢದಲ್ಲಿ ನಾವು ಮನೆಮಂದಿಯೊಡನೆ ರೇಡಿಯೋ ಕೇಳುತ್ತಿದ್ದಾಗ ಸ್ಪೀಕರೊಂದು ಗರಗರನೆಂದಿತು. ಅಷ್ಟರಲ್ಲಿ ದೀಪವೂ ಆರಿತು. ಇದೇ ಸಮಯವೆಂದು ಲಾಂದ್ರದ ಬೆಳಕಿನಲ್ಲಿ ಸ್ಪೀಕರಿನ ಹಿಂಬದಿಯ ತಂತಿಗಳನ್ನು ಬಿಚ್ಚಿ, ಥಂಡಿಗೆ ಹಿಡಿದಿದ್ದ ಕಿಲುಬನ್ನು ಉಜ್ಜತೊಡಗಿದೆವು. ಆಂಪ್ಲಿಫೈಯರಿನ ಗುಂಡಿಯನ್ನು ಆರಿಸಲು ಮರೆತಿದ್ದೆವು. ಎರಡು ತುದಿಗಳೂ ಒಂದಕ್ಕೊಂದು ತಾಗಿರುವಾಗಲೇ ವಿದ್ಯುತ್ತು ಮರಳಿತು. ಸುಟ್ಟ ವಾಸನೆಯೊಡನೆ ಯಂತ್ರವು ಮೂಕವಾಯಿತು.

ಕಾರಣವು ಸರಳವಾದುದು. ಮನೆಯ ಸ್ಪೀಕರುಗಳ ತಡೆಯು ಸಾಮಾನ್ಯವಾಗಿ 4 ಅಥವಾ 8 ಓಮ್. ಯಂತ್ರವು 20 ವೋಲ್ಟ್ ಕೊಟ್ಟರೆ, 8 ಓಮಿನ ಸ್ಪೀಕರಿನಲ್ಲಿ ಹರಿಯುವುದು ಎರಡೂವರೆ ಆಂಪಿಯರ್ ಮಾತ್ರ. ತುದಿಗಳು ಕೂಡಿದರೋ, ಆ ತಡೆಯೇ ಇಲ್ಲದಾಗಿ ಪ್ರವಾಹವು ಮಿತಿಮೀರಿ ಟ್ರಾನ್ಸಿಸ್ಟರುಗಳನ್ನು ಸುಡಬಲ್ಲುದು. ಕೆಲವು ಯಂತ್ರಗಳಲ್ಲಿ ರಕ್ಷಣೆಯ ಏರ್ಪಾಡುಂಟು. ಅದನ್ನೇ ನಂಬಿ ಮೈಮರೆಯಬಾರದು.

ಆದಕಾರಣ ವಾಚಕರು, ಮನೆಯಲ್ಲಿ ವಿದ್ಯುತ್ತು ಇರಲಿ ಇಲ್ಲದಿರಲಿ, ಮೊದಲು ಆಂಪ್ಲಿಫೈಯರಿನ ಪ್ಲಗ್ಗನ್ನು ಕೀಳಬೇಕು. ತಂತಿಯ ಹೊದಿಕೆಯನ್ನು ಒಂದು ಸೆಂಟಿಮೀಟರಿನಷ್ಟೇ ಸುಲಿದು, ತಾಮ್ರದ ಎಳೆಗಳನ್ನೆಲ್ಲ ಒಂದಾಗಿ ಹೊಸೆಯಬೇಕು. ಹೊರಚಾಚಿದ ಒಂದೇ ಎಳೆಯು ಪಕ್ಕದ ಕೊಂಡಿಗೆ ತಾಗಿದರೂ ಕೇಡು ತಪ್ಪದು. ಎರಡು ಕಡೆಯಲ್ಲಿಯೂ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪನ್ನು ಸೇರಿಸಿ, ಮೆಲ್ಲನೆ ಎಳೆದು ಬಿಗಿಯನ್ನು ನೋಡಬೇಕು. ಸ್ಪೀಕರನ್ನು ತೆಗೆದಿಡುವುದಾದರೆ ಯಂತ್ರದ ಕಡೆಯ ತುದಿಗಳನ್ನೂ ಬಿಚ್ಚಿಡುವುದು ಲೇಸು. ಕೊನೆಗೆ ಧ್ವನಿಯನ್ನು ತಗ್ಗಿಸಿಟ್ಟು ಪ್ಲಗ್ಗನ್ನು ಹಾಕಬೇಕು.

ನಮ್ಮ ಯಂತ್ರವು ದುರಸ್ತಿಯಾಗಿ ಬಂದಿದೆ. ಈಗ ಮನೆಯಾಕೆಯು, “ಪ್ಲಗ್ಗು ಕಿತ್ತಿರಾ?” ಎಂದು ಕೇಳದೆ ನಮ್ಮನ್ನು ತಂತಿಯ ಬಳಿ ಸೇರಗೊಡಳು.